ನೋವೆಲ್ಲವೂ ತ್ಯಾಗವಲ್ಲ

ಮುಂದಿನ ಭಾನುವಾರ ನಿಮ್ಮ ಚರ್ಚಿನ ಗಾಯನವೃಂದದ ಕಡೆ ಒಮ್ಮೆ ಗಮನವಿಟ್ಟು ನೋಡಿ. ಹಾಡನ್ನು ಹೇಗೂ ಕೇಳುತ್ತೀರಿ. ಗಿಟಾರ್ ಹಿಡಿದ ಹುಡುಗನೋ ಹುಡುಗಿಯೋ ಹೇಗೆ ಕುಳಿತಿದ್ದಾರೆ ಎಂಬುದನ್ನು ನೋಡಿ. ಸಾಮಾನ್ಯವಾಗಿ ಅದು ಕೈಗಳಿರುವ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಕೈಗೆ ವಾದ್ಯ ತಾಗುತ್ತದೆಂದು ಸೊಂಟ ಒಂದು ಪಕ್ಕಕ್ಕೆ ವಾಲಿರುತ್ತದೆ. ಬೆರಳು ಯಾವ ತಂತಿಯ ಮೇಲಿದೆ ಎಂದು ನೋಡಲು ಕತ್ತು ಬಾಗಿರುತ್ತದೆ. ಹಾಡಿನ ಪುಸ್ತಕ ಪಕ್ಕದ ಬೆಂಚಿನ ಮೇಲೋ ನೆಲದ ಮೇಲೋ ಇರುತ್ತದೆ. ಬಲಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ. ಎಡ ಮಣಿಕಟ್ಟು ಕೊಡೆಯ ಹಿಡಿಯಂತೆ ಮಡಚಿರುತ್ತದೆ. ಹಾಡು ಮುಗಿದಾಗ ಆ ಮಗು ಒಂದು ಕ್ಷಣ ಕೈ ಕೊಡವಿಕೊಳ್ಳುತ್ತದೆ. ಅಷ್ಟರಲ್ಲಿ ಮುಂದಿನ ಹಾಡು ಶುರುವಾಗುತ್ತದೆ.

ಬಲಿಪೂಜೆಯ ನಂತರ ನಾವು ಏನು ಹೇಳುತ್ತೇವೆ? "ಬಹಳ ಚೆನ್ನಾಗಿತ್ತು ಮಗಾ, ದೇವರು ಒಳ್ಳೆಯದು ಮಾಡಲಿ" ಎನ್ನುತ್ತೇವೆ. ಆ ಮಗು "ಕೈ ನೋಯುತ್ತದೆ ಅಂಕಲ್" ಎಂದರೆ? "ಸ್ವಲ್ಪ ನೋವು ಸಹಿಸಬೇಕು, ದೇವರಿಗೆ ಒಪ್ಪಿಸು" ಎನ್ನುತ್ತೇವೆ. ಮಾತು ಒಳ್ಳೆಯದೇ. ಆದರೆ ಅದು ಯಾವಾಗಲೂ ಸರಿಯೇ? ನೋವನ್ನು ಸಹಿಸಿಕೊಂಡು ಸೇವೆ ಮಾಡುವುದೆಲ್ಲ ತ್ಯಾಗವೇ? ಹಿತವಾಗಿ ಕುಳಿತು ನುಡಿಸಬೇಕೆಂದು ಬಯಸುವುದು ಸುಖಲೋಲುಪತೆಯೇ? ಇಂದು ಈ ಸಣ್ಣ ಪ್ರಶ್ನೆಯನ್ನು ನಿಮ್ಮೊಂದಿಗೆ ಯೋಚಿಸಬೇಕೆಂದಿದ್ದೇನೆ. ಸಣ್ಣ ಪ್ರಶ್ನೆ ಎಂದೆ. ಆದರೆ ಒಂದು ಮಗುವಿನ ಕೈಯ ವಿಷಯ ಸಣ್ಣದಲ್ಲ.

ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ

ಭದ್ರಾವತಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹದಿನೈದು ಹದಿನಾರರ ವಯಸ್ಸು. ಗಿಟಾರ್ ಕಲಿಯಲು ಶಿವಮೊಗ್ಗಕ್ಕೆ ಹೋಗುತ್ತಾಳೆ. ದೂರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಚೀಲದಲ್ಲಿಟ್ಟ ಗಿಟಾರನ್ನು ಒಂದೇ ಹೆಗಲಿಗೆ ಹಾಕಿಕೊಂಡು ನಿಲ್ಲುತ್ತಾಳೆ. ಗಿಟಾರ್ ಅಣ್ಣನದು, ಅವಳ ಮೈಗಿಂತ ದೊಡ್ಡದು. ಡಿಸೆಂಬರ್ ಬಂತೆಂದರೆ ಸಂಜೆ ಕ್ಯಾರೋಲ್ ಅಭ್ಯಾಸ, ಆಮೇಲೆ ಮನೆಮನೆಗೆ ಕ್ಯಾರೋಲ್, ಕ್ರಿಸ್ಮಸ್ ರಾತ್ರಿಯ ಬಲಿಪೂಜೆ. ಮೂರನೆಯ ವಾರದ ಹೊತ್ತಿಗೆ ರಾತ್ರಿ ಮಲಗಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನತೊಡಗುತ್ತವೆ. ಬೆಳಿಗ್ಗೆ ಲೋಟ ಹಿಡಿದರೆ ಹಿಡಿತ ಸಡಿಲ. ಅಮ್ಮನಿಗೆ ಹೇಳಿದರೆ "ಗಿಟಾರೇ ಬೇಡ, ಓದು ನೋಡಿಕೋ" ಎನ್ನುತ್ತಾರೆಂಬ ಭಯ. ಗಾಯನವೃಂದದಲ್ಲಿ ಹೇಳಿದರೆ "ಹಬ್ಬದ ಹೊತ್ತಿಗೆ ಕೈ ಕೊಟ್ಟಳು" ಎನ್ನುತ್ತಾರೆಂಬ ಭಯ. ಆಕೆ ಯಾರಿಗೂ ಹೇಳುವುದಿಲ್ಲ.

ಈ ಹುಡುಗಿ ಕಲ್ಪನೆಯವಳು. ಆದರೆ ಅವಳ ಬೆರಳಿನ ಜುಮ್ಮು ಕಲ್ಪನೆಯಲ್ಲ. ಮಣಿಕಟ್ಟಿನ ಒಳಗೆ ಮೂಳೆ ಮತ್ತು ನಾರಿನ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಒಂದು ಮುಖ್ಯ ನರ ಆ ದಾರಿಯಲ್ಲೇ ಹಾದುಹೋಗಬೇಕು. ಮಣಿಕಟ್ಟು ನೇರವಾಗಿದ್ದರೆ ಅವು ಸಲೀಸಾಗಿ ಜಾರುತ್ತವೆ. ಮಣಿಕಟ್ಟನ್ನು ಮಡಚಿಟ್ಟುಕೊಂಡೇ ಗಂಟೆಗಟ್ಟಲೆ ಬೆರಳು ಒತ್ತಿದರೆ ಒಳಗಿನ ಒತ್ತಡ ಹೆಚ್ಚಿ, ಉಜ್ಜಿ, ಊದಿಕೊಂಡು ನರವನ್ನು ಅಮುಕಬಹುದು. ಆ ನರ ಹೋಗುವುದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಕ್ಕೆ. ಆದ್ದರಿಂದಲೇ ಜುಮ್ಮು ಬರುವುದು ಅಲ್ಲೇ. ಇದು ದೇಹ ಕಳಿಸುವ ಓಲೆ. ಅದನ್ನು ಓದದೆ ಮಡಚಿಡುವುದನ್ನು ತಾಳ್ಮೆ ಎನ್ನಲಾದೀತೇ?

ಎರಡು ಬಗೆಯ ನೋವು

ಗಿಟಾರ್ ಕಲಿಯುವವರೆಲ್ಲರಿಗೂ ಮೊದಲ ತಿಂಗಳಲ್ಲಿ ಬೆರಳಿನ ತುದಿ ನೋಯುತ್ತದೆ. ಲೋಹದ ತಂತಿ ಒತ್ತಿ ಒತ್ತಿ ಚರ್ಮ ಕೆಂಪಾಗುತ್ತದೆ. ಕೆಲವು ವಾರಗಳಲ್ಲಿ ಅಲ್ಲಿ ಚರ್ಮ ಗಟ್ಟಿಯಾಗಿ ಸಣ್ಣ ಜಡ್ಡು ಕಟ್ಟುತ್ತದೆ, ನೋವು ಹೋಗುತ್ತದೆ. ಗುದ್ದಲಿ ಹಿಡಿದ ಅಂಗೈಗೂ, ಹೊಸದಾಗಿ ರೊಟ್ಟಿ ತಟ್ಟುವ ಕೈಗೂ ಹೀಗೇ. ಈ ನೋವು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ, ಮತ್ತು ಮೊದಲು ಬಾರದ್ದನ್ನು ಬರುವಂತೆ ಮಾಡುತ್ತದೆ. ಇದನ್ನು ಸಹಿಸದೆ ಮೂರನೆಯ ದಿನವೇ ಗಿಟಾರನ್ನು ಬೀರುವಿನ ಮೇಲೆ ಹಾಕಿದ ಮಗುವಿಗೆ "ಸ್ವಲ್ಪ ತಾಳಿಕೋ" ಎಂದು ಹೇಳುವುದು ತಂದೆತಾಯಿಯ ಧರ್ಮ.

ಮಣಿಕಟ್ಟಿನ ನೋವು, ಬೆನ್ನಿನ ನೋವು, ಕತ್ತಿನಿಂದ ಭುಜಕ್ಕೆ ಇಳಿಯುವ ನೋವು, ಬೆರಳಿನ ಜುಮ್ಮು ಬೇರೆ ಜಾತಿಯವು. ಅವು ದಿನದಿಂದ ದಿನಕ್ಕೆ ಹೆಚ್ಚುತ್ತವೆ. ಬಂದದ್ದನ್ನೂ ಬಾರದಂತೆ ಮಾಡುತ್ತವೆ. ಮೊದಲನೆಯದು ಕಲಿಕೆಯ ನೋವು, ಎರಡನೆಯದು ತಪ್ಪಿನ ನೋವು. ಎರಡಕ್ಕೂ ಒಂದೇ ಉಪದೇಶ ಕೊಡುವ ಹಿರಿಯರು ಒಂದೇ ಮಾತ್ರೆಯನ್ನು ಎಲ್ಲ ರೋಗಕ್ಕೂ ಕೊಡುವ ವೈದ್ಯರಂತೆ.

ನಮ್ಮ ನೈತಿಕ ಬದುಕಿನಲ್ಲೂ ಈ ವಿಂಗಡಣೆ ಬೇಕಲ್ಲವೇ? ಕ್ಷಮೆ ಕೇಳುವಾಗ ಆಗುವ ನೋವು ಕಲಿಕೆಯ ನೋವು, ಅದನ್ನು ಸಹಿಸಬೇಕು. ಮನೆಯಲ್ಲಿ ಒಬ್ಬರು ದಿನವೂ ಅವಮಾನಿಸುತ್ತಿದ್ದರೆ ಆಗುವ ನೋವು ಹಾಗಲ್ಲ. ಅದನ್ನು ಬರೀ ಸಹಿಸು ಎನ್ನುವವರು ಒಳ್ಳೆಯ ಸಲಹೆ ಕೊಡುತ್ತಿಲ್ಲ. ಯಾವ ನೋವು ನಮ್ಮನ್ನು ಬೆಳೆಸುತ್ತದೆ, ಯಾವುದು ಮುರಿಯುತ್ತದೆ ಎಂದು ತಿಳಿಯುವುದೇ ವಿವೇಕ. ಅದನ್ನು ಒಂದು ಗಿಟಾರಿನ ಮೂಲಕವೂ ಮಕ್ಕಳಿಗೆ ಕಲಿಸಬಹುದು.

ಒಂದೇ ಸರಿಯಾದ ಭಂಗಿ ಇದೆಯೇ?

ಕೆಲವರು ಇದಕ್ಕೆ ಸುಲಭ ಪರಿಹಾರ ಹೇಳುತ್ತಾರೆ: "ಬೆನ್ನು ನೆಟ್ಟಗೆ ಮಾಡಿ ಕೂತುಕೋ, ಮುಗಿಯಿತು." ಅಷ್ಟು ಸುಲಭವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಗಿಟಾರಿನ ಚರಿತ್ರೆ ನೋಡಿದರೆ ದೊಡ್ಡ ದೊಡ್ಡವರೂ ಹೇಗೆ ಕೂರಬೇಕೆಂದು ತಡಕಾಡಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಫರ್ನಾಂಡೊ ಸೋರ್ ವಾದ್ಯದ ಒಂದು ಭಾಗವನ್ನು ಮೇಜಿನ ಅಂಚಿಗೆ ಆನಿಸಿ ನುಡಿಸುವುದು ಅನುಕೂಲವೆಂದ. ಅವನ ಗೆಳೆಯ ಡಿಯೊನಿಸಿಯೊ ಅಗ್ವಾಡೊ ಗಿಟಾರನ್ನು ಹಿಡಿದು ನಿಲ್ಲಿಸಲೆಂದೇ ಮೂರು ಕಾಲಿನ ಒಂದು ಸ್ಟ್ಯಾಂಡ್ ಮಾಡಿಸಿದ. ಆಮೇಲೆ ಆಂಟೊನಿಯೊ ಡಿ ಟೊರೆಸ್ ಎಂಬ ಕುಶಲಿ ಗಿಟಾರಿನ ಒಡಲನ್ನು ದೊಡ್ಡದು ಮಾಡಿದ. ವಾದ್ಯ ಬದಲಾದಾಗ ಭಂಗಿಯೂ ಬದಲಾಗಬೇಕಾಯಿತು. ಫ್ರಾನ್ಸಿಸ್ಕೊ ಟಾರೆಗಾನ ಕಾಲಕ್ಕೆ ಎಡಗಾಲನ್ನು ಒಂದು ಪುಟ್ಟ ಮಣೆಯ ಮೇಲಿಟ್ಟು, ಎಡತೊಡೆಯ ಮೇಲೆ ಗಿಟಾರ್ ಕೂರಿಸಿ, ಅದರ ಕತ್ತನ್ನು ಮೇಲಕ್ಕೆ ಓರೆಯಾಗಿ ಹಿಡಿಯುವ ರೀತಿ ನೆಲೆಗೊಂಡಿತು. ಇದೇ ರೀತಿಯಲ್ಲಿ ಕುಳಿತು ಲೋಕಪ್ರಸಿದ್ಧನಾದ ಆಂಡ್ರೆಸ್ ಸೆಗೋವಿಯಾ 1987ರಲ್ಲಿ 94ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷವೂ ವೇದಿಕೆಯ ಮೇಲೆ ನುಡಿಸಿದ್ದ. ಆದರೆ ಒಂದು ಕಾಲು ಸದಾ ಮೇಲಿದ್ದರೆ ಸೊಂಟಕ್ಕೆ ಒಳ್ಳೆಯದಲ್ಲವೆಂದು ಇಂದು ಅನೇಕರು ಎರಡೂ ಪಾದ ನೆಲದ ಮೇಲಿಟ್ಟು, ತೊಡೆಯ ಮೇಲೆ ಒಂದು ದಿಂಬು ಅಥವಾ ಆಧಾರವಿಟ್ಟು ನುಡಿಸುತ್ತಾರೆ.

ನಮ್ಮ ದೇಶಕ್ಕೆ ಬಂದ ಗಿಟಾರ್ ಇನ್ನೊಂದು ಭಂಗಿ ಕಲಿತುಕೊಂಡಿತು. ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ ಮೊದಲಾದವರ ಕೈಯಲ್ಲಿ ಅದು ನೆಲಕ್ಕಿಳಿದು, ಚಕ್ಕಳಮಕ್ಕಳ ಹಾಕಿ ಕುಳಿತವರ ಮಡಿಲಲ್ಲಿ ಅಂಗಾತ ಮಲಗಿತು. ಭಟ್ಟರು ತಮ್ಮ ಮೋಹನವೀಣೆಯಿಂದ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದರು. ನಮ್ಮ ವೀಣೆಯವರು ಎಡತೊಡೆಗೆ ಸೋರೆಯನ್ನು ಆನಿಸಿ ಕೂರುವುದನ್ನು ನೀವು ನೋಡಿದ್ದೀರಿ. ಶಿವಮೊಗ್ಗದ ಪಕ್ಕದಲ್ಲೇ ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸನನ್ನು ಗಂಟೆಗಟ್ಟಲೆ ಓದುವ ಗಮಕಿ ಹೇಗೆ ಕೂರುತ್ತಾರೆ ಎಂಬುದರ ಮೇಲೆ ಉಸಿರು, ಉಸಿರಿನ ಮೇಲೆ ಪದ್ಯ ನಿಂತಿರುತ್ತದೆ.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಎಲ್ಲರಿಗೂ ಎಲ್ಲ ಕಾಲಕ್ಕೂ ಸರಿಹೊಂದುವ ಒಂದೇ ಭಂಗಿ ಇಲ್ಲ. ಮೈ ಬೇರೆ, ವಾದ್ಯ ಬೇರೆ, ಹಾಡು ಬೇರೆ. ಆದರೆ ಎಲ್ಲರೂ ಹುಡುಕಿದ್ದು ಒಂದನ್ನೇ: ಮೈ ತನ್ನ ಪಾಡಿಗೆ ತಾನು ನೆಮ್ಮದಿಯಾಗಿದ್ದು, ಮನಸ್ಸು ಪೂರ್ತಿ ನಾದದ ಮೇಲಿರುವ ಸ್ಥಿತಿ. ಪತಂಜಲಿ ಮುನಿಗಳು ಆಸನಕ್ಕೆ ಹೇಳಿದ ಲಕ್ಷಣಗಳೂ ಎರಡೇ, ಸ್ಥಿರತೆ ಮತ್ತು ಸುಖ. ಸೆಟೆದು ಕೂತರೆ ಸುಖವಿಲ್ಲ; ಸೋಫಾದಲ್ಲಿ ಕುಸಿದು ಕೂತರೆ ಸ್ಥಿರತೆಯಿಲ್ಲ.

ದೇಹವೂ ಪ್ರಾರ್ಥಿಸುತ್ತದೆ

"ದೇಹದ ಬಗ್ಗೆ ಇಷ್ಟು ಯೋಚಿಸಬೇಕೇ? ಆತ್ಮ ಮುಖ್ಯವಲ್ಲವೇ?" ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಮಾತು. ಬಲಿಪೂಜೆಯಲ್ಲಿ ಯಾವಾಗ ನಿಲ್ಲಬೇಕು, ಯಾವಾಗ ಕೂರಬೇಕು, ಯಾವಾಗ ಮೊಣಕಾಲೂರಬೇಕು ಎಂದು ಹೇಳಿಕೊಡುವ ಧರ್ಮಸಭೆ ದೇಹವನ್ನು ಕಡೆಗಣಿಸಿದೆ ಎನ್ನಲಾದೀತೇ? ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕೊರಿಂಥದವರಿಗೆ ತಿಳಿಸಿದರು. ಬಸವಣ್ಣನವರು ಒಂದು ವಚನದಲ್ಲಿ ತಮ್ಮ ದೇಹವನ್ನೇ ವಾದ್ಯವಾಗಿಸಿ ನುಡಿಸೆಂದು ದೇವರನ್ನು ಬೇಡಿಕೊಂಡಿದ್ದಾರೆ. ಮರದ ಗಿಟಾರಿನಲ್ಲಿ ಬಿರುಕು ಬಿಟ್ಟರೆ ನಾವು ಕೂಡಲೇ ರಿಪೇರಿಗೆ ಕೊಡುತ್ತೇವೆ. ಅದನ್ನು ನುಡಿಸುವ ಮೈಯೆಂಬ ವಾದ್ಯಕ್ಕೆ ಮಾತ್ರ "ಸಹಿಸಿಕೋ" ಎನ್ನುತ್ತೇವೆ!

ಸಂತ ಇಗ್ನಾಸಿಯವರು ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಪ್ರಾರ್ಥನೆಯ ಭಂಗಿಯ ಬಗ್ಗೆಯೇ ಒಂದು ಸೂಚನೆ ಕೊಟ್ಟಿದ್ದಾರೆ. ಮೊಣಕಾಲೂರಿ, ಬೋರಲು ಬಿದ್ದು, ಅಂಗಾತ ಮಲಗಿ, ಕುಳಿತು, ನಿಂತು, ಹೇಗಾದರೂ ಪ್ರಾರ್ಥಿಸಬಹುದು. ಬೇಕಾದದ್ದು ಯಾವ ಭಂಗಿಯಲ್ಲಿ ಸಿಕ್ಕಿತೋ ಅದನ್ನು ಬಿಟ್ಟು ಇನ್ನೊಂದಕ್ಕೆ ಹಾತೊರೆಯಬೇಕಾಗಿಲ್ಲ ಎಂಬುದು ಅದರ ಸಾರ. ಭಂಗಿ ಗುರಿಯಲ್ಲ, ದಾರಿ. ಆದರೆ ದಾರಿ ಸರಿಯಿಲ್ಲದಿದ್ದರೆ ಗುರಿ ಮುಟ್ಟುವುದಿಲ್ಲ.

ಇದೇ ಸಂತರು ಮನ್ರೇಸಾದಲ್ಲಿದ್ದ ಕಾಲದಲ್ಲಿ ಕಠಿಣ ಉಪವಾಸಗಳಿಂದ ಹೊಟ್ಟೆ ಕೆಡಿಸಿಕೊಂಡು ಜೀವನವಿಡೀ ಬಾಧೆಪಟ್ಟರು. ಆ ಅನುಭವದಿಂದಲೇ ಇರಬೇಕು, 1548ರಲ್ಲಿ ಗಾಂಡಿಯಾದ ಡ್ಯೂಕ್ ಆಗಿದ್ದ ಫ್ರಾನ್ಸಿಸ್ ಬೋರ್ಜಿಯಾ ಅವರಿಗೆ ಪತ್ರ ಬರೆದು, ಉಪವಾಸ ಮತ್ತು ದಂಡನೆಗಳನ್ನು ತಗ್ಗಿಸಿರಿ, ದೇಹವೂ ಸೃಷ್ಟಿಕರ್ತರದೇ, ಅದು ಬಲಗುಂದಿದರೆ ಸೇವೆಯೂ ಕುಂದುತ್ತದೆ ಎಂದು ತಿಳಿಹೇಳಿದರು. ದೇಹವನ್ನು 'ಸಹೋದರ ಕತ್ತೆ' ಎಂದು ಕರೆದು ದುಡಿಸಿಕೊಂಡ ಅಸ್ಸಿಸಿಯ ಸಂತ ಫ್ರಾನ್ಸಿಸರೂ ಕೊನೆಗಾಲದಲ್ಲಿ, ಈ ಸಹೋದರನ ವಿಷಯದಲ್ಲಿ ತಾನು ಬಹಳ ತಪ್ಪು ಮಾಡಿದೆನೆಂದು ಒಪ್ಪಿಕೊಂಡರೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಸಂತರೇ ಈ ಮಾತು ಹೇಳಿರುವಾಗ ನಾವು ಮಕ್ಕಳಿಗೆ ಅದಕ್ಕಿಂತ ಕಠಿಣವಾದ ಪಾಠ ಹೇಳಬೇಕೇ?

ಹಾಗಾದರೆ ಶಿಲುಬೆ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಬರುತ್ತದೆ. "ಎಲ್ಲದಕ್ಕೂ ಅನುಕೂಲ ನೋಡುತ್ತಾ ಹೋದರೆ ತ್ಯಾಗಕ್ಕೆ ಜಾಗವೆಲ್ಲಿ? ನಮ್ಮ ವಿಶ್ವಾಸದ ನಡುವೆ ನಿಂತಿರುವುದು ಶಿಲುಬೆಯಲ್ಲವೇ?"

ಹೌದು. ಆದರೆ ಶಿಲುಬೆ ನೋವಿನ ಪೂಜೆಯಲ್ಲ, ಪ್ರೀತಿಯ ಬೆಲೆ. ಯೇಸುಸ್ವಾಮಿ ಎದುರಿಗೆ ಬಂದ ಕುಂಟರಿಗೆ, ಕೈ ಬತ್ತಿಹೋದವನಿಗೆ "ಸಹಿಸಿಕೋ" ಎಂದು ಹೇಳಿ ಮುಂದೆ ಹೋಗಲಿಲ್ಲ. ಸಬ್ಬತ್ ದಿನವೇ ಆ ಕೈಯನ್ನು ಗುಣಪಡಿಸಿ ಬೈಗುಳ ತಿಂದರು. ತಾಯಿಯೊಬ್ಬಳು ಜ್ವರದ ಮಗುವಿನ ಪಕ್ಕದಲ್ಲಿ ರಾತ್ರಿಯಿಡೀ ಕೂರುತ್ತಾಳೆ. ಬೆನ್ನು ನೋಯುತ್ತದೆ, ಅದು ತ್ಯಾಗ. ಏಕೆಂದರೆ ಆ ನೋವನ್ನು ತಪ್ಪಿಸಿದರೆ ಮಗುವಿಗೆ ತೊಂದರೆ. ಸಂಧಿವಾತವಿದ್ದೂ ಹಬ್ಬಕ್ಕೆ ಎರಡು ಹಾಡು ನುಡಿಸುವ ಹಿರಿಯರಿದ್ದರೆ ಅದೂ ತ್ಯಾಗ. ಆದರೆ ಕುರ್ಚಿ ಬದಲಿಸಿದರೆ ಹೋಗುವ ನೋವನ್ನು ಕುರ್ಚಿ ಬದಲಿಸದೆ ಸಹಿಸುವುದರಿಂದ ಯಾರಿಗೆ ಏನು ಬಂತು? ಹಾಡು ಮೇಲಾಯಿತೇ? ಹಾಗೇನಿಲ್ಲ, ಬಿಗಿದ ಕೈಯಿಂದ ತಾಳವೂ ಬಿಗಿಯುತ್ತದೆ.

ಸುಖ ಮತ್ತು ಹಿತ ಎಂಬ ಎರಡು ಮಾತು ಕನ್ನಡದಲ್ಲಿವೆ. ಸೋಫಾದಲ್ಲಿ ಕುಸಿದು ಗಿಟಾರ್ ಹಿಡಿದರೆ ಹತ್ತು ನಿಮಿಷ ಸುಖ; ಅರ್ಧ ಗಂಟೆಗೆ ಸೊಂಟ ಹಿಡಿಯುತ್ತದೆ. ಕುರ್ಚಿಯ ಮುಂಭಾಗದಲ್ಲಿ ನೆಟ್ಟಗೆ ಕೂತರೆ ಮೊದಲ ವಾರ ಅಷ್ಟು ಸುಖವೆನಿಸದು; ಆದರೆ ಗಂಟೆಯ ನಂತರವೂ ಮೈ ಹಗುರ. ಅದು ಹಿತ. ಸುಖಕ್ಕೆ ಶಿಸ್ತು ಬೇಡ, ಹಿತಕ್ಕೆ ಬೇಕು. ಆದ್ದರಿಂದ ಹಿತವಾದ ಭಂಗಿಯನ್ನು ಕಲಿಯುವುದು ಸೋಮಾರಿತನವಲ್ಲ, ಅದೂ ಒಂದು ತಪಸ್ಸೇ. ತಪಸ್ಸುಕಾಲದಲ್ಲಿ ಸಿಹಿ ಬಿಡುವ ಮಕ್ಕಳಿಗೆ, ದಿನಕ್ಕೆ ಹತ್ತು ನಿಮಿಷ ಸರಿಯಾಗಿ ಕೂತು ನಿಧಾನವಾಗಿ ನುಡಿಸುವ ವ್ರತವನ್ನೂ ಕೊಡಬಹುದು.

ಇನ್ನೊಂದು ಪ್ರಲೋಭನೆಯೂ ಇದೆ. ಕೆಲವು ಯುವಕರು ಗಿಟಾರನ್ನು ತೊಡೆಯವರೆಗೆ ಇಳಿಬಿಟ್ಟು ನುಡಿಸುತ್ತಾರೆ. ಸಿನಿಮಾದಲ್ಲಿ, ರಾಕ್ ತಂಡಗಳಲ್ಲಿ ಹಾಗೆ ಕಂಡಿರುತ್ತಾರೆ. ನೋಡಲು ಗತ್ತು. ಆದರೆ ವಾದ್ಯ ಕೆಳಗಿಳಿದಷ್ಟೂ ಎಡ ಮಣಿಕಟ್ಟು ಹೆಚ್ಚು ಮಡಚಬೇಕಾಗುತ್ತದೆ. ಇಲ್ಲಿ ನೋವಿಗೆ ಕಾರಣ ತ್ಯಾಗವೂ ಅಲ್ಲ, ಅಜ್ಞಾನವೂ ಅಲ್ಲ. ನನ್ನನ್ನು ನೋಡಲಿ ಎಂಬ ಆಸೆ. ಕನ್ನಡದಲ್ಲಿ 'ನಿಲುವು' ಎಂದರೆ ಮೈ ನಿಲ್ಲುವ ರೀತಿಯೂ ಹೌದು, ಮನಸ್ಸು ತಳೆಯುವ ತೀರ್ಮಾನವೂ ಹೌದು. ಗಿಟಾರ್ ಹಿಡಿದವನ ನಿಲುವು ಅವನು ಯಾರಿಗಾಗಿ ನುಡಿಸುತ್ತಿದ್ದಾನೆ ಎಂಬುದನ್ನು ಎಷ್ಟೋ ಸಲ ಹೇಳಿಬಿಡುತ್ತದೆ.

ಯಾರ ತ್ಯಾಗ, ಯಾರ ಉಳಿತಾಯ?

ಈಗ ಹಿರಿಯರಾದ ನಮ್ಮ ವಿಷಯಕ್ಕೆ ಬರೋಣ.

ಭದ್ರಾವತಿ ಕಬ್ಬಿಣದ ಊರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಎದ್ದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕನ್ನಡ, ತಮಿಳು, ತೆಲುಗು, ಮಲಯಾಳ, ಕೊಂಕಣಿ ಆಡುವ ಕುಟುಂಬಗಳು ಅಲ್ಲಿ ಬಂದು ನೆಲೆಸಿದವು. ಆ ಕಾರ್ಖಾನೆಗಳ ಹಿಂದಿನ ವೈಭವ ಇಂದು ಉಳಿದಿಲ್ಲ. ಆದರೆ ದುಡಿದ ಮೈ ಎಂದರೇನು ಎಂಬುದು ಆ ಊರಿನ ಮನೆಗಳಿಗೆ ಚೆನ್ನಾಗಿ ಗೊತ್ತು. ಭಾರ ಎತ್ತುವಾಗ ಸೊಂಟ ಬಾಗಿಸದೆ ಮೊಣಕಾಲು ಮಡಚಬೇಕು, ಕುಲುಮೆಯ ಮುಂದೆ ಕೈಗವಸು ಹಾಕಬೇಕು ಎಂದು ಹೇಳಿದರೆ ಯಾವ ಕಾರ್ಮಿಕನೂ ಅದನ್ನು ಹೇಡಿತನವೆನ್ನುವುದಿಲ್ಲ. ಕೈಗವಸು ಕೊಡದೆ "ಸುಟ್ಟರೆ ಸಹಿಸಿಕೋ" ಎನ್ನುವ ಯಜಮಾನನನ್ನು ಯಾರೂ ಧರ್ಮಾತ್ಮನೆಂದು ಹೊಗಳುವುದಿಲ್ಲ.

ಹಾಗಿದ್ದರೆ, ಕೈಯಿಲ್ಲದ ಒಂದು ಕುರ್ಚಿ, ಪುಸ್ತಕವಿಡಲು ಒಂದು ಸ್ಟ್ಯಾಂಡ್ ಕೊಡದೆ ಮಗುವಿಗೆ ತ್ಯಾಗದ ಉಪದೇಶ ಕೊಡುವ ನಾವು ಯಾರಂತಾದೆವು? ಮಗು ನೋವು ಸಹಿಸಿದರೆ ನಮಗೆ ಒಂದು ಕುರ್ಚಿಯ ದುಡ್ಡು ಉಳಿಯುತ್ತದೆ, ಬದಲಿ ವಾದಕರನ್ನು ಹುಡುಕುವ ತೊಂದರೆ ತಪ್ಪುತ್ತದೆ. ಹೀಗೆ ಉಳಿಸಿಕೊಂಡದ್ದಕ್ಕೆ ನಾವು ಅವರ ತ್ಯಾಗವೆಂದು ಹೆಸರಿಟ್ಟಿದ್ದೇವೆ. ಪ್ರಿಯ ಓದುಗರೇ, ತ್ಯಾಗವನ್ನು ತನ್ನ ಮೇಲೆ ತಾನು ಹೊರಬಹುದು. ಇನ್ನೊಬ್ಬರ ಹೆಗಲಿಗೆ ಹೊರಿಸಿದ ಕ್ಷಣ ಅದು ಅನ್ಯಾಯವಾಗುತ್ತದೆ. ಈ ಮಾತು ಗಿಟಾರಿಗೆ ಮಾತ್ರವಲ್ಲ. ಹಬ್ಬದ ದಿನ ಬೆಳಗಿನಿಂದ ನಿಂತೇ ಅಡುಗೆ ಮಾಡುವ ಮನೆಯ ಹೆಂಗಸರ ಕಾಲುನೋವನ್ನೂ ನಾವು ಹೀಗೆಯೇ ಹೊಗಳಿ ಮುಗಿಸುತ್ತೇವಲ್ಲವೇ?

ಗಿಟಾರ್ ಆರಾಧನೆಗೆ ಹೊರಗಿನದೆಂದು ಭಾವಿಸಿ, ಅದಕ್ಕೆ ಖರ್ಚು ಬೇಡವೆನ್ನುವ ಹಿರಿಯರೂ ಇದ್ದಾರೆ. ಅವರಿಗೆ ಒಂದು ಸಂಗತಿ: ಜಗತ್ತೆಲ್ಲ ಹಾಡುವ 'ಸೈಲೆಂಟ್ ನೈಟ್' ಕ್ರಿಸ್ಮಸ್ ಗೀತೆ ಮೊದಲು ಕೇಳಿಸಿದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ. ಸಾಹಿತ್ಯ ಬರೆದ ಯುವ ಧರ್ಮಗುರು ಜೋಸೆಫ್ ಮೋರ್, ರಾಗ ಹಾಕಿದ ಶಾಲಾಮಾಸ್ತರ ಫ್ರಾನ್ಜ್ ಗ್ರೂಬರ್. ಜೊತೆಗಿದ್ದ ವಾದ್ಯ ಗಿಟಾರ್, ನುಡಿಸಿದವರು ಧರ್ಮಗುರುಗಳೇ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯ ಕುರಿತು ಹೊರಡಿಸಿದ ದಸ್ತಾವೇಜು ಆರ್ಗನ್ನಿಗೆ ವಿಶೇಷ ಗೌರವ ಕೊಟ್ಟು, ಪವಿತ್ರ ಬಳಕೆಗೆ ಒಗ್ಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಬಾಗಿಲು ತೆರೆದು ಒಳಗೆ ಕರೆದ ಮೇಲೆ ಕೂರಲು ಸರಿಯಾದ ಜಾಗ ಕೊಡುವುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಮರ್ಯಾದೆಯೇ?

ಇಷ್ಟನ್ನು ಮಾಡಿ ನೋಡಿ

ಕುರ್ಚಿಗೆ ಕೈಗಳಿರಬಾರದು. ಕೂತಾಗ ಪಾದಗಳು ನೆಲ ಮುಟ್ಟಿ, ತೊಡೆಗಳು ನೆಲಕ್ಕೆ ಸಮನಾಗಿರಬೇಕು. ಕುರ್ಚಿಯ ಮುಂದಿನ ಅರ್ಧದಲ್ಲಿ ಕೂರಲಿ.

ಮೊದಲು ಗಿಟಾರ್ ಇಲ್ಲದೆ ಕೂತು, ಒಂದು ದೀರ್ಘ ಉಸಿರು ಬಿಟ್ಟು, ಭುಜಗಳನ್ನು ಇಳಿಸಲಿ. ಆಮೇಲೆ ಗಿಟಾರನ್ನು ಮೈಯ ಹತ್ತಿರಕ್ಕೆ ತರಲಿ. ಮೈ ಗಿಟಾರಿನ ಕಡೆಗೆ ಬಾಗಬಾರದು.

ಬೆರಳು ಕಾಣಲೆಂದು ಗಿಟಾರಿನ ಮುಖವನ್ನು ಮೇಲಕ್ಕೆ ವಾಲಿಸುವುದು ಹೊಸಬರ ಸಾಮಾನ್ಯ ಅಭ್ಯಾಸ. ಅದನ್ನು ನಿಧಾನವಾಗಿ ಬಿಡಿಸಿ. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಸ್ನಾಯುಗಳು ಹೆಚ್ಚು ಎಳೆದು ಹಿಡಿಯಬೇಕು. ಪುಸ್ತಕ ಕಣ್ಣಿನ ಮಟ್ಟಕ್ಕೆ ಹತ್ತಿರವಿರಲಿ.

ಎಡಗೈಯ ಮಣಿಕಟ್ಟು ಆದಷ್ಟು ನೇರವಾಗಿರಲಿ, ಹೆಬ್ಬೆರಳು ಗಿಟಾರಿನ ಕತ್ತಿನ ಹಿಂದೆ ಹಗುರವಾಗಿರಲಿ. ತಂತಿಯನ್ನು ಫ್ರೆಟ್ಟಿನ ಹತ್ತಿರ ಒತ್ತಿದರೆ ಕಡಿಮೆ ಬಲ ಸಾಕು. ತಂತಿಗಳು ಫಲಕದಿಂದ ತುಂಬ ಎತ್ತರದಲ್ಲಿದ್ದರೆ ಅಂಗಡಿಯಲ್ಲಿ ಹೇಳಿ ತಗ್ಗಿಸಿ ಕೊಡಿಸಿ.

ನಿಂತು ನುಡಿಸುವವರು ಅಗಲವಾದ ಪಟ್ಟಿ ಬಳಸಲಿ. ಕೂತಾಗ ಗಿಟಾರ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವಂತೆ ಪಟ್ಟಿಯ ಉದ್ದ ಹೊಂದಿಸಲಿ.

ಚಿಕ್ಕ ಮಕ್ಕಳಿಗೆ ಚಿಕ್ಕ ಅಳತೆಯ ಗಿಟಾರ್, ಸಾಧ್ಯವಾದರೆ ನೈಲಾನ್ ತಂತಿಯದು ಕೊಡಿಸಿ. ಮುಂದೆ ಬೆಳೆಯುತ್ತಾರೆಂದು ದೊಡ್ಡ ಚಪ್ಪಲಿ ಕೊಡಿಸಿದಂತೆ ದೊಡ್ಡ ಗಿಟಾರ್ ಕೊಡಿಸಬೇಡಿ.

ಅರ್ಧ ಗಂಟೆಗೊಮ್ಮೆ ಎದ್ದು ಕೈ ಸಡಿಲಿಸಲಿ. ಮನೆಮನೆಯ ಕ್ಯಾರೋಲಿಗೆ ಇಬ್ಬರು ಗಿಟಾರಿನವರಿರಲಿ, ಸರದಿಯಲ್ಲಿ ನುಡಿಸಲಿ. ಜುಮ್ಮು, ಮರಗಟ್ಟುವಿಕೆ, ರಾತ್ರಿ ಎಚ್ಚರಿಸುವ ನೋವು ಇದ್ದರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹಬ್ಬ ಮುಗಿಯಲಿ ಎಂದು ಕಾಯಬೇಡಿ.

ಎಲ್ಲಕ್ಕಿಂತ ಮೊದಲು ಮಗುವನ್ನು ಕೇಳಿ: "ಎಲ್ಲಿ ನೋಯುತ್ತದೆ?" ಬೆರಳ ತುದಿ ಎಂದರೆ ಬೆನ್ನು ತಟ್ಟಿ ಧೈರ್ಯ ಹೇಳಿ. ಮಣಿಕಟ್ಟು, ಬೆನ್ನು, ಕತ್ತು ಎಂದರೆ ಉಪದೇಶ ಮಾಡಬೇಡಿ, ಕುರ್ಚಿ ಬದಲಿಸಿ.

ಆ ಪ್ರಶ್ನೆ ಕೇಳಿಸಿಕೊಂಡ ಮಗು ಇನ್ನೊಂದನ್ನೂ ಕಲಿಯುತ್ತದೆ. ತನ್ನ ನೋವನ್ನು ಹೇಳಿಕೊಂಡರೆ ಮನೆಯವರು ಬೈಯುವುದಿಲ್ಲ, ಚರ್ಚಿನವರು ದೂರುವುದಿಲ್ಲ ಎಂದು ಕಲಿಯುತ್ತದೆ. ನಾಳೆ ಕೈಯದಲ್ಲದ, ಮನಸ್ಸಿನ ನೋವು ಬಂದಾಗಲೂ ಅದು ನಿಮ್ಮ ಬಳಿಗೇ ಬರುತ್ತದೆ. ಒಂದು ಕುರ್ಚಿಯ ಬೆಲೆಗೆ ಇಷ್ಟು ಸಿಕ್ಕರೆ ಅದು ದುಬಾರಿಯೇನಲ್ಲ.